ಸಿಟ್ಟಿನ ಶಾಸ್ತ್ರ, ಕೇರಿಯ ಚರಿತ್ರೆ

ಮನುಷ್ಯ ಯಾಕೆ ಹೊಡೆಯುತ್ತಾನೆ ಎಂಬ ಪ್ರಶ್ನೆಗೆ ಮನಶ್ಶಾಸ್ತ್ರ ನೂರು ವರ್ಷಗಳಿಂದ ಉತ್ತರ ಹುಡುಕುತ್ತಿದೆ. ಯಾರನ್ನು ಹೊಡೆಯುತ್ತಾನೆ, ಯಾರನ್ನು ಹೊಡೆಯುವುದಿಲ್ಲ ಎಂದು ಕೇಳಿದವರು ಕಡಿಮೆ. ನಮ್ಮ ಕೇರಿಗಳಿಗೆ ಬೇಕಾದದ್ದು ಈ ಎರಡನೆಯ ಪ್ರಶ್ನೆ. ಗೌಡನ ಸಿಟ್ಟು ತಹಶೀಲ್ದಾರನ ಮುಂದೆ ಯಾಕೆ ಹೊರಗೆ ಬರುವುದಿಲ್ಲ? ಫೌಜದಾರನ ಎದುರು ಕೈಕಟ್ಟಿ ನಿಂತವನ ಕೈ, ಕೇರಿಯ ಹುಡುಗ ಚಾವಡಿ ಮುಂದೆ ಸೈಕಲ್ಲಿನಿಂದ ಇಳಿಯದೆ ಹಾದುಹೋದರೆ ಯಾಕೆ ಮ್ಯಾಲೇಳ್ತದ? ಸಿಟ್ಟಿಗೆ ಕಣ್ಣಿಲ್ಲ ಅಂತಾರ. ಸುಳ್ಳು. ಅದು ನೋಡೇ ಹೊಡೀತದ.

ನಾನು ಆಳಂದ ತಾಲೂಕಿನ ಜಿಡಗಾದವನು. ಹೊರಗಿನವರಿಗೆ ನಮ್ಮೂರು ಮಠದಿಂದ ಗೊತ್ತು. ಕಲಬುರ್ಗಿಯಲ್ಲಿ ಬಿ.ಎ. ಓದುವಾಗ ಸೈಕಾಲಜಿ ಒಂದು ವಿಷಯವಾಗಿ ತಗೊಂಡಿದ್ದೆ. ಆ ಪಠ್ಯಪುಸ್ತಕದಲ್ಲಿ ಇಲಿ ಇದ್ದವು, ಬೆಕ್ಕು ಇದ್ದವು, ಗಾಳಿ ತುಂಬಿದ ಗೊಂಬೆ ಇತ್ತು, ಅಮೆರಿಕೆಯ ಕಾಲೇಜು ಹುಡುಗರಿದ್ದರು. ಹೊಲಗೇರಿ ಇರಲಿಲ್ಲ. ನಮ್ಮ ಮುತ್ಯಾಗೆ ಒಂದು ಸಲ ಅದರೊಳಗಿನ ಒಂದು ಪಾಠ ಓದಿ ಹೇಳಿದಾಗ ಅವರು ಅಂದದ್ದಿಷ್ಟು: ‘ಹೊಡಿಯಾಂವಗ ಸಿಟ್ಟು ಬರಬೇಕಂತೇನಿಲ್ಲಪಾ. ಯಾರೂ ಕೇಳಂಗಿಲ್ಲಂತ ಗೊತ್ತಿದ್ರ ಸಾಕು.’ ಈ ಬರಹ ಒಂದು ರೀತಿಯಲ್ಲಿ ಆ ಮಾತಿನ ಬೆನ್ನು ಹತ್ತಿದ್ದು.

ನಮ್ಮ ದೇಶದಲ್ಲಿ ಈ ಶಾಸ್ತ್ರ ಹೊಸದೇನಲ್ಲ. ಕಲಕತ್ತೆಯ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ಶುರುವಾದದ್ದು 1916ರಲ್ಲಿ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿ. ಬೆಂಗಳೂರಿಗೆ 1954ರಲ್ಲಿ ಬಂದ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯ್ತು. ದೇಶವಿಭಜನೆಯ ರಕ್ತಪಾತದ ನಂತರ ಭಾರತ ಸರ್ಕಾರ ಯುನೆಸ್ಕೋ ಮೂಲಕ ಗಾರ್ಡನರ್ ಮರ್ಫಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನನ್ನು 1950ರಲ್ಲಿ ಕರೆಸಿ ಇಲ್ಲಿನ ಸಾಮಾಜಿಕ ಉದ್ವಿಗ್ನತೆಗಳ ಅಧ್ಯಯನ ಮಾಡಿಸಿತು. ಅವನ ಪುಸ್ತಕ 1953ರಲ್ಲಿ ಬಂತು. ಅದರ ಮುಖ್ಯ ಕಾಳಜಿ ಹಿಂದೂ–ಮುಸ್ಲಿಂ ವೈಷಮ್ಯ. ದಿನಾ ನಡೆಯುವುದನ್ನು, ಗಲಭೆ ಎಂಬ ಹೆಸರೂ ಸಿಗದಷ್ಟು ಸಲೀಸಾಗಿ ನಡೆಯುವುದನ್ನು, ಉದ್ವಿಗ್ನತೆ ಅಂತ ಯಾರು ಬರೆದುಕೊಳ್ಳಬೇಕು?

ಮೊದಲು ಹುಟ್ಟುಗುಣದ ವಾದ ನೋಡೋಣ. 1932ರಲ್ಲಿ ಐನ್‌ಸ್ಟೈನ್ ಫ್ರಾಯ್ಡ್‌ಗೆ ಒಂದು ಪತ್ರ ಬರೆದು, ಮನುಷ್ಯಕುಲವನ್ನು ಯುದ್ಧದಿಂದ ಬಿಡಿಸಲು ಸಾಧ್ಯವೇ ಎಂದು ಕೇಳಿದ. ಮನುಷ್ಯನೊಳಗೆ ಜೀವವನ್ನು ಕಟ್ಟುವ ಪ್ರವೃತ್ತಿ ಇರುವಂತೆಯೇ ಕೆಡಹುವ ಪ್ರವೃತ್ತಿಯೂ ಇದೆ, ಅದನ್ನು ಪೂರ್ತಿ ಕಿತ್ತುಹಾಕಲಾಗದು ಎಂಬುದು ಫ್ರಾಯ್ಡ್‌ನ ಉತ್ತರದ ತಿರುಳು. ಮೂವತ್ತು ವರ್ಷಗಳ ನಂತರ, 1963ರಲ್ಲಿ, ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ ಮೀನು, ಬಾತುಕೋಳಿ, ತೋಳಗಳನ್ನು ನೋಡಿ ಅದನ್ನೇ ಬೇರೆ ರೀತಿಯಲ್ಲಿ ಹೇಳಿದ: ಆಕ್ರಮಣ ಒಳಗೇ ತುಂಬಿಕೊಳ್ಳುತ್ತದೆ, ಎಲ್ಲಾದರೂ ಹೊರಗೆ ಹೋಗಲೇಬೇಕು. ಅವನಿಗೆ 1973ರಲ್ಲಿ ನೊಬೆಲ್ ಬಂತು. ಅದೇ ಲೊರೆಂಜ್ 1938ರಲ್ಲಿ ನಾಜಿ ಪಕ್ಷ ಸೇರಿದ್ದ ಎಂಬುದನ್ನೂ ಇದರ ಜೊತೆ ಇಟ್ಟು ಓದಬೇಕು. ವ್ಯಕ್ತಿಯನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಗುಣ ರಕ್ತದಲ್ಲಿದೆ ಎನ್ನುವ ಮಾತು ಯಾವ ಓಣಿಗಳಲ್ಲಿ ತಿರುಗಿ ಬಂದಿದೆ ಎಂಬುದು ನಮಗೆ ಗೊತ್ತಿರಲಿ ಅಂತ.

ಆ ಮಾತು ನಮ್ಮ ಓಣಿಗೂ ಬಂದಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಏನು ಹೇಳಿತು? ಕೆಲವು ಜನ ಹುಟ್ಟಾ ಅಪರಾಧಿಗಳು. ಬಡಗಿಯ ಮಗ ಬಡಗಿಯಾದಂತೆ ಕಳ್ಳನ ಮಗ ಕಳ್ಳ ಎಂಬ ಜಾತಿಯ ತರ್ಕವನ್ನು ಬ್ರಿಟಿಷರು ಇಲ್ಲಿಂದಲೇ ಎತ್ತಿಕೊಂಡು ಕಾನೂನು ಮಾಡಿದರು. ಆಳಂದದವರಿಗೆ ಸೋಲಾಪುರ ದೂರವಲ್ಲ. ದುಡಿಯಲು, ದವಾಖಾನೆಗೆ, ಬಟ್ಟೆ ಕೊಳ್ಳಲು ಅಲ್ಲಿಗೇ ಹೋಗುತ್ತಿದ್ದರು. ಅಲ್ಲಿನ ಸೆಟ್ಲಮೆಂಟಿನಲ್ಲಿ ಇಂಥ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿ ಹಾಜರಿ ಕರೆಯುತ್ತಿದ್ದರು. ಕಾಯ್ದೆ 1952ರಲ್ಲಿ ಹೋಯಿತು. ಬಾಯಿಮಾತು ಹೋಗಿಲ್ಲ. ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ಬೇಲಿಯೊಳಗಿನವನ ಹಿಂಸೆಗೆ ರಕ್ತವೇ ಕಾರಣ. ಬೇಲಿ ಹಾಕಿದವನ ಹಿಂಸೆಗೆ ಹೆಸರೇ ಇಲ್ಲ, ಅದಕ್ಕೆ ಕಾನೂನು ಸುವ್ಯವಸ್ಥೆ ಅಂತಾರ. 1986ರಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿ ಸೇರಿದ ವಿಜ್ಞಾನಿಗಳು, ಯುದ್ಧ ಮಾಡುವ ಗುಣ ಪ್ರಾಣಿ ಪೂರ್ವಜರಿಂದ ಬಂದದ್ದು ಎನ್ನುವುದು ವೈಜ್ಞಾನಿಕವಾಗಿ ತಪ್ಪು ಎಂದು ಹೇಳಿಕೆ ಕೊಟ್ಟರು. 1989ರಲ್ಲಿ ಯುನೆಸ್ಕೋ ಅದನ್ನು ಒಪ್ಪಿತು. ಒಳ್ಳೆಯದೇ. ಆದರೆ ನಮಗೆ ಅದಕ್ಕಿಂತ ಹಳೆಯ ಸಾಕ್ಷಿ ಬೇಕಾದರೆ ಬಸವಕಲ್ಯಾಣಕ್ಕೆ ಹೋಗಬೇಕು. ಅದೂ ನಮಗೆ ದೂರವಲ್ಲ.

1167ರ ಸುಮಾರಿಗೆ ಕಲ್ಯಾಣದಲ್ಲಿ ನಡೆದದ್ದನ್ನು ಶರಣ ಪರಂಪರೆ ಹೀಗೆ ನೆನಪಿಟ್ಟುಕೊಂಡಿದೆ: ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನ, ಬಿಜ್ಜಳನ ಆಜ್ಞೆ, ತಂದೆಯರಿಗೆ ಎಳೆಹೂಟೆಯ ಶಿಕ್ಷೆ, ಆಮೇಲೆ ಬಿಜ್ಜಳನ ಕೊಲೆ, ಶರಣರ ಬೇಟೆ. ನಮ್ಮ ವಿಮರ್ಶಕರು ಇದನ್ನು ಕ್ರಾಂತಿ ಅಂತ ಬರೆದಿದ್ದಾರೆ, ಸರಿ. ಹಿಂಸೆಯ ಚರಿತ್ರೆಯಾಗಿ ಓದಿದರೆ ಬೇರೊಂದು ಕಾಣುತ್ತದೆ. ಇಲ್ಲಿ ಯಾರಿಗೂ ಹಸಿವಿರಲಿಲ್ಲ, ಯಾರ ಹೊಲವೂ ಹೋಗಿರಲಿಲ್ಲ, ಯಾರೂ ಕುಡಿದು ಜಗಳ ಆಡಿರಲಿಲ್ಲ. ಇಬ್ಬರು ಮನಸ್ಸಿಟ್ಟು ಬೀಗರಾದರು, ಅಷ್ಟೇ. ಆನೆಯ ಕಾಲಿಗೆ ಕಟ್ಟಿ ಎಳೆಸುವುದು ಒಳಗೆ ತುಂಬಿ ಹೊರಗೆ ಚೆಲ್ಲಿದ ಆವೇಶವೇನೂ ಅಲ್ಲ. ಅದಕ್ಕೆ ಆನೆ ತರಿಸಬೇಕು, ಹಗ್ಗ ತರಿಸಬೇಕು, ಬೀದಿ ಗೊತ್ತುಮಾಡಬೇಕು, ಜನ ಸೇರಿಸಬೇಕು. ಇಂದು ಮರ್ಯಾದಾ ಹತ್ಯೆ ಎಂದು ಪತ್ರಿಕೆಗಳು ಹೊಸದಾಗಿ ಕಂಡುಹಿಡಿದವರಂತೆ ಬರೆಯುವುದನ್ನು ಕಂಡಾಗ ನನಗೆ ನಗು ಬರುತ್ತದೆ. ಎಂಟೂವರೆ ಶತಮಾನ ಆಯ್ತು.

ಎರಡನೆಯ ವಾದಕ್ಕೆ ನಮ್ಮ ಕಡೆ ಹೆಚ್ಚು ಗಿರಾಕಿ. 1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ಗೆಳೆಯರು ಹತಾಶೆಯೇ ಆಕ್ರಮಣದ ತಾಯಿ ಎಂದರು. ಬೇಕಾದದ್ದು ಸಿಗದಂತೆ ಯಾರೋ ಅಡ್ಡ ಬಂದಾಗ ಸಿಟ್ಟು ಹುಟ್ಟುತ್ತದೆ. ಅಡ್ಡ ಬಂದವನು ಬಲಿಷ್ಠನಾದರೆ ಆ ಸಿಟ್ಟು ದಾರಿ ತಪ್ಪಿ ದುರ್ಬಲನ ಮೇಲೆ ಬೀಳುತ್ತದೆ. 1940ರಲ್ಲಿ ಹೊವ್ಲಂಡ್ ಮತ್ತು ಸಿಯರ್ಸ್ ಅಮೆರಿಕದ ದಕ್ಷಿಣ ರಾಜ್ಯಗಳ 1882ರಿಂದ 1930ರವರೆಗಿನ ಲೆಕ್ಕ ತೆಗೆದು, ಹತ್ತಿಯ ಧಾರಣೆ ಬಿದ್ದ ವರ್ಷ ಕರಿಯರನ್ನು ಗುಂಪಾಗಿ ಕೊಲ್ಲುವುದು ಹೆಚ್ಚಿತ್ತು ಅಂದರು. ಐವತ್ತೆಂಟು ವರ್ಷಗಳ ನಂತರ, 1998ರಲ್ಲಿ, ಬೇರೆ ಸಂಶೋಧಕರು ಲೆಕ್ಕವನ್ನು ಮುಂದಿನ ವರ್ಷಗಳಿಗೂ ಚಾಚಿ ನೋಡಿದಾಗ ಆ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ.

ನಮ್ಮದು ತೊಗರಿ ನಾಡು. ತೊಗರಿಗೆ ಧಾರಣೆ ಬಿದ್ದ ವರ್ಷ ಕೇರಿಗೆ ಬೆಂಕಿ ಬೀಳ್ತದೇನು? ನಮ್ಮ ಚರಿತ್ರೆ ಹೇಳುವುದು ಬೇರೆ. ಕೇರಿಗೆ ಏಟು ಬೀಳುವುದು ಕೇರಿ ತುಸು ಮೇಲೆದ್ದಾಗ. ಮಹಾಡದಲ್ಲಿ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ ಕೆರೆಯ ನೀರು ಮುಟ್ಟಿದ ಮೇಲೆ, ಅಸ್ಪೃಶ್ಯರು ವೀರೇಶ್ವರ ಗುಡಿಯನ್ನೂ ಹೊಗುತ್ತಾರೆ ಎಂಬ ಗಾಳಿಸುದ್ದಿ ಹಬ್ಬಿಸಿ ಊಟಕ್ಕೆ ಕೂತವರನ್ನು ಬಡಿದರು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಹೊಡೆದವರು ಓದಿದ ಹುಡುಗರು. ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯ್ತು. 1993ರಲ್ಲಿ ನಂಜನಗೂಡು ತಾಲೂಕಿನ ಬದನವಾಳುವಿನಲ್ಲಿ ಗುಡಿ ಪ್ರವೇಶದ ತಕರಾರಿನ ಬೆನ್ನಿಗೆ ಮೂವರು ದಲಿತರ ಕೊಲೆಯಾಯ್ತು. ಕೆರೆ, ಮಾತು, ಗುಡಿ. ಇವುಗಳಲ್ಲಿ ಯಾವುದರಿಂದ ಯಾರ ಹೊಟ್ಟೆಗೆ ಏನು ಕಡಿಮೆಯಾಯ್ತು?

ಹತಾಶೆಯ ವಾದ ಸರಿ ಇದ್ದರೆ ಈ ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ಹಿಂಸಾತ್ಮಕರಾಗಬೇಕಿದ್ದವರು ನಾವು. ನೀರು ಸಿಗಲಿಲ್ಲ, ಅಕ್ಷರ ಸಿಗಲಿಲ್ಲ, ಭೂಮಿ ಸಿಗಲಿಲ್ಲ, ಹೆಣ ಹೂಳಲು ಜಾಗ ಸಿಗಲಿಲ್ಲ. ಆದರೆ ಊರಿಗೆ ಕೊಳ್ಳಿ ಇಟ್ಟ ಕೇರಿ ಯಾವುದು, ಹೇಳಿ. ಅಡ್ಡಿಪಡಿಸಿಕೊಂಡವನಿಗಿಂತ ಅಡ್ಡಿಪಡಿಸಿದವನ ಕೈಯೇ ಮುಂದಾಗಿದೆ ಅನ್ನುವುದನ್ನು ಡೊಲಾರ್ಡ್‌ನ ಸೂತ್ರದಲ್ಲಿ ಬಿಡಿಸುವುದು ಕಷ್ಟ. ತಮಾಷೆಯೆಂದರೆ ಡೊಲಾರ್ಡ್‌ಗೆ ಇದು ಗೊತ್ತಿತ್ತು. 1937ರಲ್ಲಿ, ಅಂಬೇಡ್ಕರರು ‘ಜಾತಿ ವಿನಾಶ’ ಪ್ರಕಟಿಸಿದ ಮರುವರ್ಷ, ಅವನು ಮಿಸಿಸಿಪ್ಪಿಯ ಒಂದು ಸಣ್ಣ ಊರಿನಲ್ಲಿ ಇದ್ದು ನೋಡಿ ಬರೆದ ಪುಸ್ತಕದ ಹೆಸರಿನಲ್ಲೇ ಜಾತಿ ಎಂಬ ಪದ ಇತ್ತು. ಬಿಳಿಯರಿಗೆ ಆ ವ್ಯವಸ್ಥೆಯಿಂದ ಏನೇನು ಲಾಭ ಎಂದು ಅಲ್ಲಿ ಲೆಕ್ಕ ಹಾಕಿದ್ದ. ಎರಡು ವರ್ಷದಲ್ಲಿ ಊರು ಬಿಟ್ಟು ಪ್ರಯೋಗಶಾಲೆಯ ಭಾಷೆ ಹಿಡಿದಾಗ ಲಾಭದ ಮಾತು ಹಿಂದೆ ಸರಿಯಿತು, ಹತಾಶೆ ಮುಂದೆ ಬಂತು. ಪಂಡಿತರು ಊರು ಬಿಡಬಾರದು.

ಆದರೂ ದಾರಿ ತಪ್ಪಿದ ಸಿಟ್ಟು ಎಂಬ ಅವನ ಮಾತನ್ನು ನಾನು ಬಿಡಲಾರೆ. ಅಂಬೇಡ್ಕರರು ಶ್ರೇಣೀಕೃತ ಅಸಮಾನತೆ ಅಂದದ್ದಕ್ಕೆ ಅದು ಹೊಂದುತ್ತದೆ. ಮೇಲೆ ಹೋದಂತೆ ಗೌರವ, ಕೆಳಗೆ ಬಂದಂತೆ ತಿರಸ್ಕಾರ. ಸಾಹುಕಾರ ಬೈದರೆ ಅವನ ಕೈಕೆಳಗಿನವನು ಕೇರಿಗೆ ಬಂದು ಬಯ್ಯುತ್ತಾನೆ. ಮೆಟ್ಟಿಲುಗಳ ಮೇಲಿಂದ ಸಿಟ್ಟು ನೀರಿನ ಹಾಗೆ ಕೆಳಗಿಳಿಯುತ್ತದೆ. ಅದು ದಾರಿ ತಪ್ಪಿಲ್ಲ, ಶಾಸ್ತ್ರ ತೋಡಿಕೊಟ್ಟ ಕಾಲುವೆಯಲ್ಲೇ ಹರಿಯುತ್ತದೆ. ಅದು ಕೇರಿಯಲ್ಲೂ ನಿಲ್ಲುವುದಿಲ್ಲ. ಹೊಲೆಯರೂ ಮಾದಿಗರೂ ಒಂದೇ ಬಾವಿಯ ನೀರು ಕುಡಿಯದ ಊರುಗಳು ನಮ್ಮಲ್ಲಿ ಇದ್ದವು. ಎಲ್ಲದರ ಕೆಳಗಿನ ಮೆಟ್ಟಿಲಿನ ಮೇಲೆ ಮನೆಯ ಹೆಣ್ಣುಮಗಳು ಕೂತಿರುತ್ತಾಳೆ. ದಲಿತ ಪತ್ರಿಕೆಗಳಲ್ಲಿ ಇದನ್ನು ಬರೆದರೆ ‘ಈಗ್ಯಾಕ ಇದು’ ಅನ್ನುವ ಗೆಳೆಯರಿದ್ದಾರೆ. ಈಗಲ್ಲದೆ ಯಾವಾಗ?

ಬಂಡೂರಾ 1961ರಲ್ಲಿ ಸ್ಟ್ಯಾನ್‌ಫರ್ಡಿನ ಶಿಶುವಿಹಾರದ ಮಕ್ಕಳಿಗೆ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ತೋರಿಸಿದ, ಮಕ್ಕಳೂ ಹೊಡೆದವು. ಮಕ್ಕಳು ನೋಡಿ ಕಲಿಯುತ್ತಾರೆ ಎನ್ನಲು ನಮಗೆ ಸ್ಟ್ಯಾನ್‌ಫರ್ಡ್ ಬೇಕಿಲ್ಲ. ಎಂಟು ವರ್ಷದ ಹುಡುಗ ಎಪ್ಪತ್ತರ ಮುದುಕನನ್ನು ‘ಏ ಬಾರಲೇ’ ಅಂತ ಕರೆಯುವುದನ್ನು ಕೇಳದವರು ನಮ್ಮ ಕಡೆ ಯಾರಿದ್ದಾರೆ?

ಈ ಮೂರಕ್ಕಿಂತ ಹತ್ತಿರ ಬರುವುದು ಅಪ್ಪಣೆಯ ಸಿದ್ಧಾಂತ. 1961ರಲ್ಲಿ ಯೇಲ್‌ನಲ್ಲೇ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಒಂದು ಪ್ರಯೋಗ ಶುರುಮಾಡಿದ. ಬೂದು ಬಣ್ಣದ ಕೋಟಿನವನು ‘ಮುಂದುವರಿಸಿ’ ಅಂದಾಗ ಪಕ್ಕದ ಕೋಣೆಯ ಅಪರಿಚಿತನಿಗೆ ವಿದ್ಯುತ್ ಶಾಕ್ ಕೊಡುತ್ತಾ ಹೋದವರು 40ರಲ್ಲಿ 26 ಜನ ಕೊನೆಯ 450 ವೋಲ್ಟಿನವರೆಗೂ ಹೋದರು. ಶಾಕ್ ನಿಜವಾಗಿರಲಿಲ್ಲ, ಒತ್ತಿದವರಿಗೆ ಅದು ಗೊತ್ತಿರಲಿಲ್ಲ. ಎಲ್ಲರೂ ಈ ಅಂಕಿ ಹೇಳಿ ನಿಲ್ಲಿಸುತ್ತಾರೆ. ಅದೇ ಮಿಲ್‌ಗ್ರಾಮ್ ಮಾಡಿದ ಇನ್ನೊಂದು ಸರಣಿಯಲ್ಲಿ, ಜೊತೆಗೆ ಕೂತ ಇಬ್ಬರು ನಡುವೆ ಎದ್ದು ‘ನಾವು ಒಲ್ಲೆವು’ ಅಂದರು. ಆಗ ಕೊನೆವರೆಗೆ ಹೋದವರು 40ರಲ್ಲಿ 4.

ಇದನ್ನು ಇಟ್ಟುಕೊಂಡು ನಮ್ಮ ಜಿಲ್ಲೆಯ 1948ನ್ನು ನೋಡಬೇಕು. ರಜಾಕಾರರ ಹಾವಳಿಯಲ್ಲಿ ಬೀದರ ಕಡೆಯ ಗೋರ್ಟಾದಂಥ ಊರುಗಳು ಸತ್ತ ಕಥೆ ನಮ್ಮ ಹಿರಿಯರ ಬಾಯಲ್ಲಿ ಇದೆ, ಅದಕ್ಕೆ ಸ್ಮಾರಕಗಳೂ ಇವೆ. ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮ ಶರಣಾದ. ಅದರ ನಂತರದ ವಾರಗಳ ಬಗ್ಗೆ ಹಿರಿಯರು ದನಿ ತಗ್ಗಿಸುತ್ತಾರೆ. ನೆಹರೂ ಕಳಿಸಿದ ಪಂಡಿತ ಸುಂದರ್‌ಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ತಂಡ ಆ ನವೆಂಬರ್, ಡಿಸೆಂಬರಿನಲ್ಲಿ ಸಂಸ್ಥಾನ ಸುತ್ತಿತು. ಸತ್ತವರು 27,000ದಿಂದ 40,000. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಎಂದು ಅದು ಅಂದಾಜಿಸಿತು. ಸತ್ತವರು ಮುಸಲ್ಮಾನರು. ಸರ್ಕಾರ ಆ ವರದಿಯನ್ನು ದಶಕಗಟ್ಟಲೆ ಪ್ರಕಟಿಸಲಿಲ್ಲ. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಗುತ್ತಿತ್ತು.

ಆಗಸ್ಟಿನಲ್ಲಿ ಇಲ್ಲದ ಮೃಗ ಸೆಪ್ಟೆಂಬರಿನಲ್ಲಿ ಎಲ್ಲಿಂದ ಬಂತು? ಆಗಸ್ಟಿನಲ್ಲಿ ಒಂದು ಗುಂಪಿಗೆ ಅಪ್ಪಣೆ ಇತ್ತು, ಸೆಪ್ಟೆಂಬರಿನಲ್ಲಿ ಇನ್ನೊಂದಕ್ಕೆ ಸಿಕ್ಕಿತು. ಅಪ್ಪಣೆ ಅಂದರೆ ಯಾರೋ ಬಾಯಿಬಿಟ್ಟು ಹೇಳಬೇಕೆಂದಿಲ್ಲ. ಮುತ್ಯಾ ಅಂದದ್ದು ಇದನ್ನೇ. ಆ ವರದಿಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ: ಕೆಲವು ಕಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರ ನಿಂತು, ತಮ್ಮ ಧರ್ಮದವರ ವಿರುದ್ಧವೇ ಕಾದಾಡಿದರು. ಅಲ್ಲಿ ಮಗ್ಗ ಗಡಿಯಾಗಿತ್ತು, ದೇವರಲ್ಲ. ಮಿಲ್‌ಗ್ರಾಮ್‌ನ ‘ಒಲ್ಲೆ’ ಅಂದ ಇಬ್ಬರು ಇವರೇ.

ಗಡಿ ಯಾರು ಎಳೀತಾರ, ಎಷ್ಟು ಸುಲಭವಾಗಿ ಎಳೀತಾರ ಎಂಬುದನ್ನು ತೋರಿಸಿದವನು ಹೆನ್ರಿ ತಾಜ್‌ಫೆಲ್, ಪೋಲೆಂಡಿನ ಯಹೂದಿ. ಫ್ರೆಂಚ್ ಸೈನಿಕನಾಗಿ ಜರ್ಮನರ ಸೆರೆಯಲ್ಲಿದ್ದು ಬದುಕಿ ಬಂದಾಗ ಮನೆಯವರು ಉಳಿದಿರಲಿಲ್ಲ. 1970ರಲ್ಲಿ ಅವನು ಪ್ರಕಟಿಸಿದ ಪ್ರಯೋಗ ಹೀಗಿದೆ. ಬ್ರಿಸ್ಟಲ್ಲಿನ ಶಾಲಾ ಹುಡುಗರಿಗೆ ಇಬ್ಬರು ಚಿತ್ರಕಾರರ ಚಿತ್ರ ತೋರಿಸಿ, ನೀನು ಈ ಗುಂಪು, ನೀನು ಆ ಗುಂಪು ಎಂದು ಮನಸ್ಸಿಗೆ ಬಂದಂತೆ ಹಂಚಿದ. ಆಮೇಲೆ ಸ್ವಲ್ಪ ದುಡ್ಡು ಹಂಚಲು ಹೇಳಿದ. ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು, ಅದು ಸಹಜ. ಆದರೆ ತಮ್ಮವರಿಗೆ ಬರುವುದು ಕಡಿಮೆಯಾದರೂ ಪರವಾಗಿಲ್ಲ, ಎದುರಿನವರಿಗೂ ತಮಗೂ ನಡುವೆ ಅಂತರ ದೊಡ್ಡದಿರಬೇಕು ಎಂದು ಹಂಚಿದರು. ಲಾಭಕ್ಕಿಂತ ಅಂತರ ಮೇಲು.

ನನ್ನ ಮಟ್ಟಿಗೆ ಬಹಿಷ್ಕಾರವನ್ನು ಅರ್ಥ ಮಾಡಿಸಿದ್ದು ಈ ಪ್ರಯೋಗ. ಕೇರಿಯವರು ಸತ್ತ ದನ ಎಳೆಯುವುದಿಲ್ಲ ಅಂದರು, ಅಥವಾ ಹಲಗಿ ಬಾರಿಸುವುದಿಲ್ಲ ಅಂದರು, ಅಥವಾ ಠಾಣೆಗೆ ಹೋದರು. ಊರು ಸೇರಿತು. ಗಿರಣಿಯವನು ಜೋಳ ಬೀಸಲಿಲ್ಲ, ಅಂಗಡಿಯವನು ಎಣ್ಣೆ ಕೊಡಲಿಲ್ಲ, ಕ್ಷೌರದವನು ಕತ್ತರಿ ಎತ್ತಲಿಲ್ಲ, ಹೊಲಕ್ಕೆ ಕರೆಯಲಿಲ್ಲ. ಕೇರಿ ಉಪವಾಸ ಬೀಳುತ್ತದೆ, ನಿಜ. ಆದರೆ ಗೌಡನ ತೊಗರಿಯಲ್ಲೂ ಕಸ ಬೆಳೆಯುತ್ತದೆ. ಗಿರಣಿಯವನ ಗಲ್ಲಾಪೆಟ್ಟಿಗೆ ಖಾಲಿ. ಆಳು ತರಲು ದೂರದ ತಾಂಡಾಕ್ಕೆ ಟ್ರ್ಯಾಕ್ಟರ್ ಕಳಿಸಬೇಕು, ಕೂಲಿ ಜಾಸ್ತಿ. ಇಷ್ಟಾದರೂ ನಡೆಸುತ್ತಾರೆ. ಎಲ್ಲಾ ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆ ಅನ್ನುವ ನಮ್ಮ ಎಡಪಂಥೀಯ ಗೆಳೆಯರು ಈ ನಷ್ಟದ ಲೆಕ್ಕವನ್ನು ಯಾವ ಖಾತೆಗೆ ಬರೆಯುತ್ತಾರೋ. ಇಲ್ಲಿ ಯಾರ ಮೈಮೇಲೂ ಗಾಯ ಇರುವುದಿಲ್ಲ, ಡಾಕ್ಟರ ಸರ್ಟಿಫಿಕೇಟಿಗೆ ಬರೆಯಲು ಏನೂ ಇರುವುದಿಲ್ಲ. ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಅಪರಾಧವಾಗಿ ಹೆಸರಿಸಿ 1989ರ ದೌರ್ಜನ್ಯ ತಡೆ ಕಾಯ್ದೆಗೆ ಸೇರಿಸಿದ್ದು 2015ರ ತಿದ್ದುಪಡಿ. ಇದು ಹಿಂಸೆ ಎಂದು ಬರೆದುಕೊಳ್ಳಲು ಕಾನೂನಿಗೆ ಅಷ್ಟು ವರ್ಷ ಹಿಡಿಯಿತು. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದ್ದನ್ನೂ ಇಲ್ಲೇ ಇಡಬೇಕು. ಅದರಲ್ಲಿ ಲಾಭ ಏನಿತ್ತು? ಅಂತರ.

ಅಂತರ ಹೊಸದಾಗಿ ಹುಟ್ಟುವುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಆಳಂದದ ಲಾಡ್ಲೆ ಮಶಾಯಕ ದರ್ಗಾಕ್ಕೆ ಎರಡೂ ಧರ್ಮದವರು ಹೋಗುತ್ತಿದ್ದರು. 2022ರ ಮಾರ್ಚ್ 1ರ ಶಿವರಾತ್ರಿಯಂದು ಅದೇ ಜಾಗದ ಸಲುವಾಗಿ ಊರಿನಲ್ಲಿ ನಿಷೇಧಾಜ್ಞೆ, ಕಲ್ಲು ತೂರಾಟ.

ಹಾಗಾದರೆ ಏಟು ತಿಂದವನು ತಿರುಗಿ ಹೊಡೆಯಬೇಕೋ ಬೇಡವೋ? ಈ ಪ್ರಶ್ನೆಗೆ ನಮ್ಮ ಕಲಬುರ್ಗಿಯದೇ ಒಂದು ಚರಿತ್ರೆ ಇದೆ, ದಲಿತ ಚಳವಳಿಯ ಕಥೆ ಹೇಳುವವರು ಬಹುತೇಕ ಮರೆಯುತ್ತಾರೆ. ದಲಿತ ಸಂಘರ್ಷ ಸಮಿತಿ ಹುಟ್ಟುವ ಮುಂಚೆ, 1968ರ ಏಪ್ರಿಲ್ 29ರಂದು, ಬಿ. ಶ್ಯಾಮಸುಂದರ್ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. ಅವರು 1948ರಲ್ಲಿ ನಿಜಾಮನ ನಿಯೋಗದಲ್ಲಿ ವಿಶ್ವಸಂಸ್ಥೆಗೆ ಹೋದವರು. ಅಂಬೇಡ್ಕರರು 1947ರಲ್ಲೇ ನಿಜಾಮನ ಪರ ನಿಲ್ಲಬೇಡಿ ಎಂದು ಹೈದರಾಬಾದಿನ ದಲಿತರಿಗೆ ಹೇಳಿದ್ದರು. ಆ ರಾಜಕೀಯವನ್ನು ನಾನು ಒಪ್ಪುವುದಿಲ್ಲ. ಆದರೆ ಕೇರಿಯ ರಕ್ಷಣೆಗೆ ಕೇರಿಯೇ ನಿಲ್ಲಬೇಕು ಎಂಬ ಅವರ ಮಾತನ್ನು ಹುಚ್ಚಾಟ ಎಂದು ತಳ್ಳಿಹಾಕಲು, ಕೇರಿಯಲ್ಲಿ ರಾತ್ರಿ ಕಳೆಯದವರಿಗೆ ಮಾತ್ರ ಸಾಧ್ಯ.

ಆ ಕಾಲದ ತರುಣರ ಕೈಯಲ್ಲಿ ಫ್ಯಾನನ್ ಇದ್ದ. ಫ್ಯಾನನ್ ಅಲ್ಜೀರಿಯಾದ ಬ್ಲಿದಾ ಆಸ್ಪತ್ರೆಯಲ್ಲಿ 1953ರಿಂದ 1956ರವರೆಗೆ ಕೆಲಸ ಮಾಡಿದ ಮನೋವೈದ್ಯ. ಅವನ 1961ರ ಪುಸ್ತಕದ ಮೊದಲ ಅಧ್ಯಾಯವನ್ನು ನಮ್ಮವರು ಭಾಷಣಗಳಲ್ಲಿ ಬಳಸಿದಷ್ಟು ಬೇರೆ ಯಾರೂ ಬಳಸಿಲ್ಲ: ದಾಸ್ಯದಲ್ಲಿ ಬಿದ್ದವನು ಹಿಂಸೆಯ ಮೂಲಕವೇ ಮನುಷ್ಯನಾಗುತ್ತಾನೆ. ಕೊನೆಯ ಅಧ್ಯಾಯದ ಹೊತ್ತಿಗೆ ಓದುಗರು ದಣಿದಿರುತ್ತಾರೋ ಏನೋ. ಅಲ್ಲಿರುವುದು ರೋಗಿಗಳ ಕೇಸು. ಹಗಲೆಲ್ಲಾ ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟು ಮನೆಗೆ ಬಂದು ಹೆಂಡತಿ ಮಕ್ಕಳನ್ನು ಬಡಿಯುವ ಪೊಲೀಸ್ ಅಧಿಕಾರಿ ಅಲ್ಲಿದ್ದಾನೆ. ಬಿಡುಗಡೆಗಾಗಿ ಹೋರಾಡಿ ನಿದ್ದೆ ಕಳೆದುಕೊಂಡವರೂ ಇದ್ದಾರೆ. ಹಿಂಸೆ ಇಬ್ಬರ ಮೈಯಲ್ಲೂ ಉಳಿಯುತ್ತದೆ ಎಂದು ಕಂಡವನು ಅದೇ ಫ್ಯಾನನ್.

ಬಾಬಾಸಾಹೇಬರು ಈ ಗಂಟನ್ನು ಬಿಡಿಸಿದ್ದು ಬೇರೆ ಕಡೆಯಿಂದ. ಮಹಾಡದಲ್ಲಿ ತಿರುಗಿ ಬೀಳಲು ಸಾವಿರಾರು ಜನ ಸಿದ್ಧರಿದ್ದಾಗ ತಡೆದರು. ಹೊಡೆದವರ ಮೇಲೆ ಕೇಸು ನಡೆದು ಕೆಲವರಿಗೆ ಶಿಕ್ಷೆಯೂ ಆಯ್ತು. ಅವರ ಕೊನೆಯ ಗ್ರಂಥ ‘ಬುದ್ಧ ಮತ್ತು ಅವನ ಧಮ್ಮ’ 1957ರಲ್ಲಿ ಬಂತು. ಅದರಲ್ಲಿ ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಗೆರೆ ಎಳೆದರು. ಗೆರೆ ದಪ್ಪವಲ್ಲ, ಅದನ್ನು ದಾಟಿ ಇಚ್ಛೆಯನ್ನು ಅಗತ್ಯ ಅಂತ ಹೇಳಿಕೊಂಡವರು ಎಲ್ಲಾ ಕಡೆ ಇದ್ದಾರೆ. ಆದರೆ ಯೇಲ್, ಸ್ಟ್ಯಾನ್‌ಫರ್ಡ್, ಬ್ರಿಸ್ಟಲ್ ಸುತ್ತಿ ಬಂದ ಮೇಲೂ, ಸಿಟ್ಟನ್ನು ಅಳೆಯದೆ ಇಚ್ಛೆಯನ್ನು ವಿಚಾರಣೆಗೆ ಕರೆದ ಈ ಮಾತು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ಇಚ್ಛೆ ಅಂದ ಕೂಡಲೇ ಅದನ್ನು ಯಾರು ಪೋಷಿಸಿದರು, ಯಾರು ಕ್ಷಮಿಸಿದರು ಎಂದು ಕೇಳಬಹುದು. ಕಂಬಾಲಪಲ್ಲಿಗೆ ಅದನ್ನೇ ಕೇಳಬೇಕು.

ಕಂಬಾಲಪಲ್ಲಿ ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲೂಕಿನ ಊರು. 2000ದ ಮಾರ್ಚ್ 11ರಂದು ಅಲ್ಲಿ ಏಳು ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಖುಲಾಸೆಯನ್ನು ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ನಿಜ, ಸುಟ್ಟವರು ಯಾರೂ ಇಲ್ಲ.

ಅದೇ 2014ರ ಆಗಸ್ಟ್ 28ರಂದು ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ, ಸಿನಿಮಾ ಟಾಕೀಸಿನ ಜಗಳವೊಂದು ಊರಿಗೆ ಬಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲಿನೊಳಗೆ ಬಿಡದಿರುವುದರ ತಕರಾರು ಅಲ್ಲಿ ಮೊದಲೇ ಇತ್ತು. ಈ ಸಲ ಕೇಸು ನಿಂತಿತು. ಹತ್ತು ವರ್ಷ ಕಳೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಒಂದೇ ದೌರ್ಜನ್ಯದ ಕೇಸಿನಲ್ಲಿ ಇಷ್ಟು ಜನರಿಗೆ ಜೀವಾವಧಿ ಎಂದು ದೇಶದ ಪತ್ರಿಕೆಗಳೆಲ್ಲ ಬರೆದವು. ಮುಂದಿನ ತಿಂಗಳು ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು, ಊರಿಗೆ ಮರಳಿದರು. ಸಾಕ್ಷಿ ಹೇಳಿದವರೂ ಅದೇ ಊರಿನವರು.